ಫೋನ್ ಹಿಡಿಯುವ ಅನ್ವರಬಿ

ಬೆಳಗಿನ ಐದೂವರೆ. ಸುರಪುರದ ಸಣ್ಣ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನ ನೆಲ ಒರೆಸಿ ಮುಗಿಸಿದ ಅನ್ವರಬಿ, ಸ್ಟೂಲಿನ ಮೇಲೆ ಕುಳಿತು ಥಿಯೇಟರಿನ ಫೋನನ್ನು ಕಿವಿಗೆ ಹಿಡಿಯುತ್ತಾರೆ. ಕರೆ ಬಂದದ್ದಲ್ಲ, ಅದೊಂದು ಹಳೆಯ ವಿಡಿಯೊ. ಯಂತ್ರದ ಸದ್ದಿನ ನಡುವೆ ಹೆಣ್ಣುದನಿಯೊಂದು ಕೇಳುತ್ತದೆ: "ಯಕ್ಕಾ, ಇಲ್ಲೇ ಅದೀಯಲ್ಲಾ?" ಖಾಲಿ ಕೋಣೆಯಲ್ಲಿ ಅನ್ವರಬಿ ಬಾಯಿಬಿಟ್ಟೇ ಉತ್ತರ ಕೊಡುತ್ತಾರೆ, "ಇಲ್ಲೇ ಅದೀನವ್ವ." ಕೇಳಿದವಳು ತೀರಿಕೊಂಡು ಎರಡು ವರ್ಷವಾಗಿದೆ.

ಐವತ್ತೆರಡರ ಅನ್ವರಬಿ ಇಲ್ಲಿನ ಆಯಾ. ಅವರು ಮಾಡುವ ಇನ್ನೊಂದು ಕೆಲಸಕ್ಕೆ ಹೆಸರೇ ಇಲ್ಲ. ಡಾ. ಪರಿಮಳಾ ಆಪರೇಷನ್ನಿಗೆ ನಿಂತಾಗ, ರೋಗಿಯ ತಲೆಯ ಬಳಿ ಸ್ಟೂಲು ಹತ್ತಿ ಫೋನಿನಲ್ಲಿ ಎಲ್ಲವನ್ನೂ ಸೆರೆಹಿಡಿಯುವವರು ಇವರೇ. ಆ ವಿಡಿಯೊ ಶಹಾಪುರ, ಯಾದಗಿರಿ ಕಡೆಯ ನೂರಾ ನಲವತ್ತು ಡಾಕ್ಟರರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಅಲ್ಲಿ ಒಬ್ಬರ ಕೈತಪ್ಪನ್ನು ಇನ್ನೊಬ್ಬರು ತಿದ್ದುತ್ತಾರೆ. ಆರು ವರ್ಷಕ್ಕೆ ಇನ್ನೂರ ಹದಿನಾಲ್ಕು ವಿಡಿಯೊ. ರೋಗಿಯ ಮುಖ ಕಾಣಬಾರದು, ದನಿ ಕೇಳಬಾರದು, ಇದೇ ಕಟ್ಟಳೆ. "ಮೊದ್ಲು ನೆತ್ತರ ಕಂಡ್ರ ಕೈ ಥರಥರ ನಡುಗ್ತಿತ್ರಿ. ಡಾಕ್ಟರ್ ಬಾಯೋರು ಬೈದು ಬೈದು ನೆಟ್ಟಗ ಮಾಡ್ಯಾರ" ಎಂದು ನಗುತ್ತಾರೆ.

ಕಟ್ಟಳೆ ತಪ್ಪಿದ್ದು ಒಂದೇ ಸಲ. ದೋರನಹಳ್ಳಿಯ ಮೋನಮ್ಮನಿಗೆ ಹೆರಿಗೆಯ ಆಪರೇಷನ್. ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಆಕೆಗೆ ಎಚ್ಚರವಿತ್ತು. ಹೆದರಿ ಅನ್ವರಬಿಯ ಎಡಗೈ ಗಟ್ಟಿಯಾಗಿ ಹಿಡಿದುಬಿಟ್ಟಳು. ಬಲಗೈಯೊಂದರಲ್ಲೇ ಫೋನ್ ಚಾಲು ಮಾಡುವ ಗಡಿಬಿಡಿಯಲ್ಲಿ ಇವರು ದನಿ ಬಂದ್ ಮಾಡುವುದನ್ನು ಮರೆತರು; ಮೋನಮ್ಮ ಕೇಳಿದ ಆ ಮಾತೂ ವಿಡಿಯೊದಲ್ಲಿ ಸೇರಿತು. ಮಗು ಅತ್ತಿತು, ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಹೊಲಿಗೆಯೂ ಕೈಕೊಟ್ಟಿತು. ಹಿಡಿದ ಬೆರಳು ತಣ್ಣಗಾದದ್ದು ಎಲ್ಲರಿಗಿಂತ ಮೊದಲು ತಿಳಿದದ್ದು ಅನ್ವರಬಿಗೆ.

"ಇನ್ನೊಬ್ಬಾಕಿ ಉಳೀತಾಳಂದ್ರ ಕಳಸ್ರಿ" ಎಂದ ಮೋನಮ್ಮನ ಗಂಡ ಮಹಾದೇವಪ್ಪ, ವಿಡಿಯೊ ಗುಂಪಿಗೆ ಕಳಿಸಬಹುದೇ ಎಂದು ಕೇಳಿದಾಗ. ಡಾ. ಪರಿಮಳಾ ತಾವು ಸೋತ ಆ ವಿಡಿಯೊವನ್ನು ದನಿ ತೆಗೆಸಿ ಗುಂಪಿಗೆ ಹಾಕಿದರು. ಅದಕ್ಕೂ ಎದೆಗಾರಿಕೆ ಬೇಕು. ಗರ್ಭಕೋಶದ ಹೊಲಿಗೆ ಎಡಕ್ಕೆ ಜಾರಿದ್ದನ್ನು ಹಿರಿಯ ಡಾಕ್ಟರೊಬ್ಬರು ಗುರುತಿಸಿ, ಜಾರದಂತೆ ಹಾಕುವ ಬಗೆಯನ್ನು ವಿಡಿಯೊದಲ್ಲೇ ತೋರಿಸಿಕೊಟ್ಟರು. ದನಿಯಿದ್ದ ಮೂಲ ಮಾತ್ರ ಥಿಯೇಟರಿನ ಫೋನಿನಲ್ಲೇ ಉಳಿಯಿತು.

ಏಳು ಗಂಟೆಗೆ ಶಿರವಾಳದ ಸುಮಂಗಲಾಳನ್ನು ಒಳಗೆ ತರುತ್ತಾರೆ. ಅನ್ವರಬಿ ದನಿ ಬಂದ್ ಮಾಡಿ ಸ್ಟೂಲು ಹತ್ತುತ್ತಾರೆ. ಮಗು ಹೊರಬಂದ ಮೇಲೆ ಇವಳಿಗೂ ರಕ್ತ ಹರಿಯತೊಡಗುತ್ತದೆ. ಹಸಿರು ಬಟ್ಟೆಯಡಿಯಿಂದ ಕೈಯೊಂದು ಬಂದು ಅನ್ವರಬಿಯ ಎಡಗೈ ಹಿಡಿಯುತ್ತದೆ. "ಯಕ್ಕಾ, ಇಲ್ಲೇ ಅದೀಯಲ್ಲಾ?" ಅದೇ ಮಾತು, ಅದೇ ದನಿ. ಅನ್ವರಬಿ ಬಾಗಿ ನೋಡುತ್ತಾರೆ, ಕೇಳಿದ್ದು ಸುಮಂಗಲಾ. ಫೋನ್ ಮಾತ್ರ ಅಲುಗುವುದಿಲ್ಲ. "ಇಲ್ಲೇ ಅದೀನವ್ವ."

ಡಾ. ಪರಿಮಳಾ ಈ ಸಲ ಎಡಬದಿಯನ್ನು ಎರಡು ಬಾರಿ ನೋಡಿ ಹೊಲಿಗೆ ಬಿಗಿಯುತ್ತಾರೆ. ರಕ್ತ ನಿಲ್ಲುತ್ತದೆ. ಅನ್ವರಬಿಯ ಕೈಯೊಳಗಿನ ಬೆರಳುಗಳು ಬೆಚ್ಚಗೇ ಇವೆ.

ಈ ವಾರ ಥಿಯೇಟರಿಗೆ ಹೊಸ ಫೋನ್ ಬರಲಿದೆ, ಹಳೆಯದರಲ್ಲಿರುವುದನ್ನೆಲ್ಲ ಅಳಿಸುತ್ತಾರಂತೆ. ಅನ್ವರಬಿಯದು ಒಂದೇ ಬೇಡಿಕೆ.

"ಅದೊಂದು ಅಳಿಸಬ್ಯಾಡ್ರಿ. ದಿನಾ ಮುಂಜಾನಿ ಕೇಳ್ತಾಳ್ರಿ ಆಕಿ. ನಾ ಇಲ್ಲೇ ಅದೀನಂತ ಯಾರ ಹೇಳಬೇಕ್ರಿ?"