ಬೆಟ್ಟ ಓಡಲೊಂದು ಹರಕೆ

ನಮ್ಮೂರಿನಲ್ಲಿ ಹೆಂಗಸು ಓಡಿದರೆ ಅದಕ್ಕೊಂದು ಕಾರಣ ಇರಬೇಕಿತ್ತು. ಬಸ್ಸು ಹೊರಟಿರಬೇಕು, ಹಸು ಹಗ್ಗ ಕಿತ್ತುಕೊಂಡಿರಬೇಕು, ಇಲ್ಲವೇ ಒಲೆಯ ಮೇಲೆ ಹಾಲು ಉಕ್ಕುತ್ತಿರಬೇಕು. ಸುಮ್ಮನೆ ಓಡಬೇಕು ಅನ್ನಿಸಿತು ಅಂತ ಓಡಿದರೆ, ಹುಡುಗಿಗೆ ಗಾಳಿಗೀಳಿ ಸೋಕಿದೆಯೇ ನೋಡಿ ಎಂದು ಯಾರಾದರೂ ಮಾರನೆಯ ದಿನವೇ ತವರಿಗೆ ಹೇಳಿಕಳಿಸುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಆ ಊರಿಗೆ ಬಂದಾಗ ನನಗಿದ್ದ ಕಾಯಿಲೆ ಅದೊಂದೇ, ಓಡಬೇಕು ಅನ್ನಿಸುವುದು.

ತವರು ದೊಡ್ಡಬಳ್ಳಾಪುರ ಪೇಟೆಯ ನೇಕಾರರ ಬೀದಿ. ಹೈಸ್ಕೂಲಿನಲ್ಲಿ ಓಟಕ್ಕೆ ನಿಂತರೆ ಮೊದಲ ಬಹುಮಾನ ನನಗೇ. ಸ್ಟೀಲ್ ಲೋಟ, ಸ್ಟೀಲ್ ತಟ್ಟೆ, ಒಂದು ಸಲ ಮುಚ್ಚಳವಿರುವ ಡಬ್ಬಿ. ಅಮ್ಮ ಅವನ್ನೆಲ್ಲ ಜೋಪಾನವಾಗಿ ಎತ್ತಿಟ್ಟು, ಮದುವೆಗೆ ಪಾತ್ರೆ ಕೊಡುವಾಗ ಅದರ ಜೊತೆ ಸೇರಿಸಿಬಿಟ್ಟಳು. ಹೀಗಾಗಿ ನಾನು ಓಡಿ ಗೆದ್ದ ತಟ್ಟೆಯಲ್ಲಿ ನಮ್ಮನೆಯವರು ದಿನಾ ಊಟ ಮಾಡುತ್ತಿದ್ದರು, ಓಡುವುದು ಮಾತ್ರ ನಿಂತುಹೋಗಿತ್ತು.

ಗಂಡನ ಮನೆ ಪೇಟೆಯಿಂದ ಉತ್ತರಕ್ಕೆ, ಬೆಟ್ಟದ ಬುಡದ ಹಳ್ಳಿಯಲ್ಲಿ. ನಡುಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳು, ಒಳಗೆ ಅಡುಗೆಮನೆ, ಹಿತ್ತಲಲ್ಲಿ ಒಂದು ನುಗ್ಗೆಮರ. ನಮ್ಮನೆಯವರು ಸೀರೆ ನೇಯುತ್ತಿದ್ದರು. ನೂಲನ್ನು ಕಂಡಿಕೆಗೆ ಸುತ್ತಿ, ಲಾಳಿಗೆ ಹಾಕಲು ಸಿದ್ಧ ಮಾಡಿ ಕೊಡುವುದು ನನ್ನ ಕೆಲಸ. ಮಗ್ಗ ಆಡುವಾಗ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆಗೆ ಅದೊಂದು ದೊಡ್ಡ ಅನುಕೂಲ. ಅತ್ತೆಗೆ ಮಾತಿನ ಅಗತ್ಯವೂ ಇರಲಿಲ್ಲ ಅನ್ನಿ, ಹುಬ್ಬು ಎತ್ತಿದರೆ ಸಾರಿಗೆ ಉಪ್ಪು ಕಡಿಮೆ, ಇಳಿಸಿದರೆ ಪರವಾಗಿಲ್ಲ.

ಅಡುಗೆಮನೆಯ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ಮೇಲೆ ಈಶ್ವರನ ಗುಡಿ. ಮದುವೆಯಾದ ವರ್ಷ ಕಾರ್ತೀಕ ಸೋಮವಾರ ಅತ್ತೆ ನನ್ನನ್ನು ಕೇರಿಯ ಹೆಂಗಸರ ಜೊತೆ ಮೇಲಕ್ಕೆ ಕಳಿಸಿದರು. ಅವರು ಅಲ್ಲಲ್ಲಿ ಕೂತು, ಎಲೆಅಡಿಕೆ ಹಾಕಿ, ಸೊಂಟ ಹಿಡಿದುಕೊಂಡು ಹತ್ತುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ನೋಡ್ತೀನಿ ಎಂದು ಎರಡು ತಿರುವು ದಾಟಿ, ಯಾರಿಗೂ ಕಾಣದ ಕಡೆ ಸೀರೆ ಎತ್ತಿ ಕಚ್ಚೆ ಹಾಕಿ ಓಡಿಬಿಟ್ಟೆ. ಬಂಡೆ, ಮತ್ತೆ ಬಂಡೆ, ನಡುವೆ ಮಣ್ಣಿನ ಜಾಡು, ಕೊನೆಗೆ ಕಲ್ಲಿನ ಮೆಟ್ಟಿಲು. ಗುಡಿ ಮುಟ್ಟಿದಾಗ ಎದೆ ಡವಡವ ಬಡಿಯುತ್ತಿತ್ತು, ಕಾಲು ನಡುಗುತ್ತಿತ್ತು. ಕೆಳಗೆ ಕೆರೆ, ರೈಲು ಹಳಿ, ನಮ್ಮ ಹೆಂಚಿನ ಮನೆ. ಮದುವೆಯಾದ ಮೇಲೆ ಅಷ್ಟು ಖುಷಿಯಾಗಿದ್ದು ಅದೇ ಮೊದಲು. ಇದನ್ನು ಓದಿದರೆ ನಮ್ಮನೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರಿಗೆ ಗೊತ್ತು.

ಅಲ್ಲೇ ಕೈಮುಗಿದು ಕೇಳಿಕೊಂಡೆ. ವಾರಕ್ಕೊಂದು ಸಲ ನನ್ನನ್ನು ಹೀಗೆ ಓಡಿಕೊಂಡು ಬರಲು ಬಿಡು, ಬಿಟ್ಟರೆ ವಾರಕ್ಕೊಂದು ಸಲ ನಿನ್ನ ಬೆಟ್ಟ ಹತ್ತುತ್ತೇನೆ. ಕೊಡುವುದೂ ಅದೇ, ಕೇಳುವುದೂ ಅದೇ. ಅಂಥ ಹರಕೆಯನ್ನು ದೇವರು ಅದುವರೆಗೆ ಕೇಳಿರಲಿಕ್ಕಿಲ್ಲ. ಮನೆಗೆ ಬಂದು ಅತ್ತೆಗೆ, ಸೋಮವಾರ ಸೋಮವಾರ ಬೆಟ್ಟ ಹತ್ತುವ ಹರಕೆ ಹೊತ್ತಿದ್ದೇನೆ ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ನಮ್ಮಲ್ಲಿ ಹರಕೆಯ ಕಾರಣ ಕೇಳುವಂತಿಲ್ಲ, ಹೇಳುವಂತಿಲ್ಲ, ಬಾಯಿಬಿಟ್ಟರೆ ಫಲ ಹೋಯಿತು. ಹುಬ್ಬು ಒಂದಿಷ್ಟು ಮೇಲೆ ಹೋಗಿ ಕೆಳಗೆ ಬಂತು, ಅಷ್ಟೇ.

ಹರಕೆಗೆ ಇರುವ ಬಲ ನನಗೆ ಆಮೇಲೆ ಅರ್ಥವಾಯಿತು. ಓಡಲು ಹೋಗುತ್ತೇನೆ ಎಂದಿದ್ದರೆ ಒಲೆ ಹಚ್ಚುವವರು ಯಾರು ಎಂದು ಕೇಳುತ್ತಿದ್ದರು. ಹರಕೆ ಎಂದದ್ದಕ್ಕೆ ಸೋಮವಾರ ಬೆಳಿಗ್ಗೆ ಅತ್ತೆಯೇ ಎದ್ದು ಒಲೆ ಹಚ್ಚಿ, ನನ್ನ ಚೀಲಕ್ಕೆ ಕರ್ಪೂರ, ಬೆಂಕಿಪೊಟ್ಟಣ ಹಾಕಿಟ್ಟಿರುತ್ತಿದ್ದರು. ಊರಿನ ಕೊನೆಯ ಮನೆಯವರೆಗೆ ನಾನು ತಲೆ ತಗ್ಗಿಸಿ ನಡೆಯುವ ಸೊಸೆ. ಅದು ದಾಟಿದ ಮೇಲೆ ಕಚ್ಚೆ. ಮೇಲೆ ಕರ್ಪೂರ ಹಚ್ಚಿ, ಗಂಟೆ ಬಾರಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಅತ್ತೆಗೊಂದು ಬಿಲ್ವದ ದಳ ಹಿಡಿದು ಇಳಿಯುವುದು. ಇಳಿಯುವಾಗಿನ ಓಟವೇ ಚೆನ್ನ. ಕಾಲು ತಾನೇ ಜಾಗ ಹುಡುಕಿಕೊಳ್ಳುತ್ತದೆ, ತಲೆಗೆ ಬೇರೆ ಯೋಚನೆಗೆ ಪುರಸೊತ್ತು ಇರುವುದಿಲ್ಲ.

ಮಗಳು ಹುಟ್ಟುವಾಗ ತಿಂಗಳುಗಟ್ಟಲೆ ಬೆಟ್ಟ ತಪ್ಪಿತು. ಬಾಣಂತನ ಮುಗಿಸಿ ಬಂದ ಮೇಲೆ ಅತ್ತೆ, ದೇವರ ಹತ್ತಿರ ಬಾಕಿ ಉಳಿಸಿಕೊಳ್ಳಬಾರದು, ತಪ್ಪಿದ ಸೋಮವಾರಗಳನ್ನೆಲ್ಲ ಗುರುವಾರ ತೀರಿಸು ಎಂದರು. ಆ ವರ್ಷವೆಲ್ಲ ವಾರಕ್ಕೆ ಎರಡು ಸಲ ಓಡಿದೆ. ಅತ್ತೆ ಎಷ್ಟು ಕಟ್ಟುನಿಟ್ಟು ಎಂದು ಕೇರಿಯ ಹೆಂಗಸರು ನನ್ನ ಮೇಲೆ ಕನಿಕರಪಟ್ಟರು. ನಾನೂ ಮುಖ ಸಪ್ಪಗೆ ಮಾಡಿಕೊಂಡು ಕನಿಕರವನ್ನೆಲ್ಲ ಸ್ವೀಕರಿಸಿದೆ.

ಅಷ್ಟರಲ್ಲಿ ಕೆಲಸ ಬದಲಾಯಿತು. ಕರೆಂಟು ಬಂದರೆ ಮಗ್ಗ, ಹೋದರೆ ಜಗಲಿಯಲ್ಲಿ ಹರಟೆ ಎನ್ನುವಂತಾಗಿತ್ತು ನೇಕಾರರ ಬಾಳು. ಪೇಟೆಯ ಹೊರಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾರ್ಮೆಂಟ್ಸ್ ತೆರೆದರು, ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಬಂತು. ಹೋಗಿ ಸೇರಿಕೊಂಡೆ. ಮೊದಲು ದಾರ ಕತ್ತರಿಸುವ ಹೆಲ್ಪರ್, ಆಮೇಲೆ ಕಾಲರ್ ಹೊಲಿಯುವ ಟೈಲರ್. ಕಂಪನಿ ವ್ಯಾನು ಬಿಸಿಲು ಏರುವ ಮೊದಲೇ ಅರಳಿಕಟ್ಟೆಯ ಹತ್ತಿರ ಬಂದು ಹಾರನ್ ಹೊಡೆಯುತ್ತಿತ್ತು, ತಡವಾದರೆ ಗೇಟು ಹಾಕುತ್ತಿದ್ದರು. ರಜೆ ಭಾನುವಾರ, ಹರಕೆ ಸೋಮವಾರ. ದೇವರ ವಾರವನ್ನು ಬದಲಿಸಲು ಅತ್ತೆ ಒಪ್ಪಲಿಲ್ಲ. ಕಂಪನಿಯವರನ್ನು ಕೇಳುವ ಹಾಗೇ ಇರಲಿಲ್ಲ. ಉಳಿದದ್ದು ಒಂದೇ ದಾರಿ, ಇನ್ನೂ ಜೋರಾಗಿ ಓಡುವುದು.

ಸ್ಕೂಲಿನ ಮೇಷ್ಟ್ರು ಸೀಟಿ ಊದಿ ಓಡಿಸಿದಾಗಲೂ ನಾನು ಅಷ್ಟು ಜೋರಾಗಿ ಓಡಿರಲಿಲ್ಲ. ನಸುಕಿನಲ್ಲೇ ಹೊರಟು, ಬೆಟ್ಟ ಹತ್ತಿಳಿದು, ಮನೆ ಬಾಗಿಲಲ್ಲಿ ಅತ್ತೆ ಚಾಚಿದ ಊಟದ ಡಬ್ಬಿ ಕಸಿದುಕೊಂಡು ಹಾಗೆಯೇ ಅರಳಿಕಟ್ಟೆಗೆ. ಸೀರೆಯ ಅಂಚಿಗೆಲ್ಲ ಉತ್ತರಾಣಿಯ ಮುಳ್ಳುಬೀಜ ಅಂಟಿರುತ್ತಿತ್ತು. ವ್ಯಾನಿನಲ್ಲಿ ಅಕ್ಕಪಕ್ಕದವರು ನನ್ನ ಅಂಚನ್ನು ತೊಡೆಯ ಮೇಲೆ ಹರಡಿಕೊಂಡು, ಅವರವರ ಅತ್ತೆಯರನ್ನು ಬಯ್ಯುತ್ತಾ ಒಂದೊಂದೇ ಕಿತ್ತು ಕಿಟಕಿಯಿಂದ ಎಸೆಯುತ್ತಿದ್ದರು. ಆ ದಾರಿಯುದ್ದಕ್ಕೂ ಈಗ ಉತ್ತರಾಣಿ ಬೆಳೆದಿದ್ದರೆ ಅದಕ್ಕೆ ನಾವೇ ಕಾರಣ.

ಮನೆಗೆಲಸ ನಮ್ಮನೆಯವರ ಪಾಲಿಗೆ ಬಂತು. ಅಡುಗೆಗೆ ಅತ್ತೆ ಇದ್ದರು. ಆದರೆ ಮಗಳನ್ನು ಸ್ಕೂಲಿಗೆ ಹೊರಡಿಸುವುದು, ಜಡೆ ಹಾಕುವುದು ನಮ್ಮನೆಯವರ ತಲೆಗೆ ಬಿತ್ತು. ನೇಕಾರನ ಬೆರಳು, ಜಡೆ ಹೆಣೆಯುವುದೇನು ಕಷ್ಟ? ಬಿಗಿಯಾಗಿ, ಒಂದು ಎಳೆ ಆಚೆ ಈಚೆ ಇಲ್ಲದೆ ಬಂತು. ತುದಿಗೆ ಟೇಪು ಕಟ್ಟುವಾಗ ಮಾತ್ರ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಮಗ್ಗದಲ್ಲಿ ಕಿತ್ತುಹೋದ ಎಳೆಗೆ ಹಾಕುವ ಗಂಟನ್ನೇ ಹಾಕಿಬಿಟ್ಟರು. ಆ ಗಂಟು ಬಿಚ್ಚುವುದಕ್ಕೆ ಹಾಕುವುದಲ್ಲ, ಎಳೆದಷ್ಟೂ ಬಿಗಿಯುತ್ತದೆ. ಸಂಜೆ ನಾನು ಬಂದಾಗ ಮಗಳು ಹೊಸಲಿನ ಮೇಲೆ ಅಳುತ್ತಾ ಕೂತಿದ್ದಳು, ಅಪ್ಪ ಅಜ್ಜಿ ಇಬ್ಬರೂ ಒಂದೊಂದು ಜಡೆ ಹಿಡಿದು ಉಗುರಿನಿಂದ ಗಂಟು ಕೆದಕುತ್ತಿದ್ದರು. ಕೊನೆಗೆ ಕಂಪನಿಯ ದಾರ ಕತ್ತರಿಸುವ ಕತ್ತರಿಯಲ್ಲಿ ಎರಡೂ ಟೇಪು ಕತ್ತರಿಸಿದೆ. ಬೈಯಬೇಕು ಎಂದು ಬಾಯಿ ತೆರೆದವಳು ನಗು ಬಂದು ಅಲ್ಲೇ ಕೂತುಬಿಟ್ಟೆ. ನಗುವ ಶಕ್ತಿ ದಿನವಿಡೀ ಕಾಲರ್ ಹೊಲಿದವಳಿಗೆ ಎಲ್ಲಿಂದ ಬರಬೇಕು? ಅವತ್ತು ಸೋಮವಾರ. ಮಂಗಳವಾರ ಬುಧವಾರಗಳವರೆಗೂ ನನಗೆ ಸಿಟ್ಟು ಬರುತ್ತಿರಲಿಲ್ಲ. ಗುರುವಾರದಿಂದ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಭಾನುವಾರ ನನ್ನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಮಗ ಹುಟ್ಟಿದ ಮೇಲೆ ಪೀಕಲಾಟ ಶುರುವಾಯಿತು. ಹರಕೆ ಫಲಿಸಿತು ಎಂದು ಊರೆಲ್ಲ ತಾನೇ ತೀರ್ಮಾನಿಸಿತು. ಇಷ್ಟು ವರ್ಷ ಬೆಟ್ಟ ಹತ್ತಿದ್ದು ಗಂಡುಮಗುವಿಗೆ ತಾನೇ, ಇನ್ಯಾತಕ್ಕೆ? ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದೆ, ಬೆಟ್ಟವೂ ಶುರುವಾಯಿತು. ಮಗನಿಗೆ ವರ್ಷ ತುಂಬುತ್ತಾ ಬಂದಾಗ ಅತ್ತೆ, ಮೇಲಿನ ಗುಡಿಯಲ್ಲೇ ಮುಡಿ ತೆಗೆಸೋಣ, ಅವತ್ತೇ ನಿನ್ನ ಹರಕೆಯನ್ನೂ ತೀರಿಸಿ ಪೂಜೆ ಮಾಡಿಸಿಬಿಡೋಣ ಎಂದರು. ತೀರಿಸುವುದು ಎಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಯಾವ ನೆಪ ಹೇಳಿ ಬೆಟ್ಟಕ್ಕೆ ಹೋಗಲಿ?

"ಹರಕೆ ಅದಕ್ಕಲ್ಲ ಅತ್ತೆ," ಅಂದೆ.

"ಮತ್ತೆ ಯಾವುದಕ್ಕೆ?"

"ಹೇಳ್ಬಾರ್ದಲ್ವಾ."

"ಹೇಳ್ಬೇಡ ಬಿಡು. ಕೇಳ್ಕೊಂಡಿದ್ದು ಆಯ್ತೋ ಇಲ್ವೋ, ಅಷ್ಟು ಹೇಳು."

ನಾನು ಕೇಳಿಕೊಂಡದ್ದು ವಾರಕ್ಕೊಂದು ಸಲ ಓಡಲು ಬಿಡು ಎಂದು. ಬಿಟ್ಟಿದ್ದ, ಇಷ್ಟು ವರ್ಷವೂ ಬಿಟ್ಟಿದ್ದ. ದೇವರ ವಿಷಯದಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಆಯ್ತು ಅಂದೆ.

"ಆಯ್ತಲ್ಲ. ಆದ್ಮೇಲೆ ತೀರಿಸ್ಬೇಕು ಕಣಮ್ಮ."

ಅವತ್ತಿನಿಂದ ನನ್ನ ಪಾಲಿಗೆ ವಾರವಿಡೀ ಭಾನುವಾರವಾಯಿತು. ಕಾಲರ್ ಉಲ್ಟಾ ಹೊಲಿದು ಸೂಪರ್‌ವೈಸರ್ ಹತ್ತಿರ ಬೈಸಿಕೊಂಡೆ, ಮನೆಗೆ ಬಂದು ಮಗಳಿಗೆ ಬೈದೆ. ಓಡುವುದು ಇಷ್ಟ ಎಂದು ಅಮ್ಮನಿಗೆ ನಿಜ ಹೇಳಿಬಿಡು ಎಂದರು ನಮ್ಮನೆಯವರು. ಹೇಳುವುದು ಸುಲಭವೇ? ಎರಡು ಮಕ್ಕಳ ತಾಯಿ, ಕೆಲಸಕ್ಕೆ ಹೋಗುವವಳು, ಮನೆಯಲ್ಲಿ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಬೆಟ್ಟಕ್ಕೆ ಹೋಗುವುದು ತನ್ನ ಇಷ್ಟಕ್ಕಾಗಿ ಎಂದರೆ ಕೇಳಲು ನನಗೇ ಒಂಥರಾ ಆಗುತ್ತಿತ್ತು. ದೇವರಿಗೆ ಎಂದರೆ ಯಾರಿಗೂ ಭಾರವಲ್ಲ. ನನಗೆ ಎಂದರೆ ಎಲ್ಲರಿಗೂ ಭಾರ. ನಾನು ಬಾಯಿ ಬಿಡಲಿಲ್ಲ, ನೀವೂ ಬಿಡಕೂಡದು ಎಂದು ಅವರಿಂದ ಆಣೆ ಹಾಕಿಸಿಕೊಂಡೆ.

ಮುಡಿಯ ದಿನ ಬೆಟ್ಟದ ಬುಡದಲ್ಲಿರುವ ಕಲ್ಲಿನ ಬಸವಣ್ಣನ ಹತ್ತಿರ ಎಲ್ಲರೂ ಸೇರಿದೆವು. ಅತ್ತೆಗೆ ಮಂಡಿ ನೋವು, ಅಲ್ಲಿಂದ ಮೇಲಕ್ಕೆ ಹತ್ತಲಾರರು. ಬಸವಣ್ಣನ ಪಕ್ಕದ ಕಲ್ಲಿನ ಮೇಲೆ ಕಾಲು ನೀಡಿ ಕೂತರು. ನಮ್ಮನೆಯವರು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಕ್ಷೌರಿಕನೂ ನೆಂಟರೂ ಅವರ ಹಿಂದೆ. ನೀನು ಮುಂದೆ ಹೋಗಿ ಪೂಜೆಗೆ ಅಣಿ ಮಾಡು ಎಂದು ಅತ್ತೆ ಹಣ್ಣುಕಾಯಿಯ ಚೀಲವನ್ನು ನನ್ನ ಕೈಗೆ ಕೊಟ್ಟರು.

ಕೊನೆಯ ಸಲ ಎಂದುಕೊಂಡೇ ಓಡಿದೆ. ಅತ್ತೆ ಕೆಳಗೆ ಕೂತು ನೋಡುತ್ತಿದ್ದಾರೆ ಎಂಬುದೂ ಮರೆತುಹೋಯಿತು, ಅವರ ಕಣ್ಣೆದುರಿಗೇ ಕಚ್ಚೆ ಹಾಕಿದ್ದೆ. ಹೆಗಲಿಗೆ ಹಾಕಿದ ಚೀಲದಲ್ಲಿ ತೆಂಗಿನಕಾಯಿ ಬೆನ್ನಿಗೆ ಬಡಿಯುತ್ತಿತ್ತು. ನೆಂಟರು ಏನೋ ಕೂಗಿದರು, ತಿರುಗಿ ನೋಡಲಿಲ್ಲ. ಮೇಲೆ ಹೋಗಿ ಗುಡಿಯ ಬಾಗಿಲ ಹತ್ತಿರ ಕೂತು ಅತ್ತುಬಿಟ್ಟೆ. ಬೇರೆಯವರು ಬರಲು ಬಹಳ ಹೊತ್ತು ಬೇಕಾದ್ದರಿಂದ ಚೆನ್ನಾಗಿಯೇ ಅತ್ತು, ಮುಖ ತೊಳೆದುಕೊಂಡೆ. ಮುಡಿ ಆಯಿತು, ಮಗ ಬೆಟ್ಟ ಅದುರುವ ಹಾಗೆ ಕಿರುಚಿದ. ಅರ್ಚಕರು ಮಂಗಳಾರತಿ ಮಾಡಿ, ಹರಕೆ ಸಂದಾಯವಾಯಿತು ತಾಯಿ, ಇನ್ನು ನಿಶ್ಚಿಂತೆಯಾಗಿರಿ ಎಂದರು. ನಾನು ಕಣ್ಣಿಗೆ ಆರತಿ ಒತ್ತಿಕೊಂಡೆ.

ಇಳಿಯುವಾಗ ಎಲ್ಲರ ಹಿಂದೆ ಬಂದೆ, ಒಂದು ಹೆಜ್ಜೆಯನ್ನೂ ಓಡಲಿಲ್ಲ. ಬಸವಣ್ಣನ ಹತ್ತಿರ ಬಂದಾಗ ಅತ್ತೆ ಅರಿಶಿನದ ಬಟ್ಟೆಯ ತುಂಡಿನಲ್ಲಿ ನಾಣ್ಯವೊಂದನ್ನು ಇಟ್ಟು ಗಂಟು ಹಾಕುತ್ತಿದ್ದರು. ಹೊಸ ಹರಕೆಗೆ ಮುಡಿಪು ಕಟ್ಟುವುದು ಹಾಗೆ. ಗಂಟನ್ನು ಬಸವಣ್ಣನ ಕಾಲ ಹತ್ತಿರ ಇಟ್ಟು, ನೆಂಟರೆಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನನ್ನ ಮಂಡಿ ನೋವು ವಾಸಿ ಆಗೋವರ್ಗೂ ನನ್ನ ಸೊಸೆ ಸೋಮವಾರ ಸೋಮವಾರ ಬೆಟ್ಟ ಹತ್ತುತ್ತಾಳೆ ಅಂತ ಹೇಳ್ಕೊಂಡಿದ್ದೀನಿ."

ಹರಕೆಯ ಕಾರಣ ಬಾಯಿಬಿಟ್ಟರೆ ಫಲ ಹೋಗುತ್ತದೆ ಎಂದು ಗೊತ್ತಿದ್ದೇ, ನನಗೆ ಹೇಳ್ಬೇಡ ಬಿಡು ಎಂದವರು ಅವರು. ನಾನು ಅವರನ್ನೇ ನೋಡುತ್ತಾ ನಿಂತೆ. ಅವರು ಹುಬ್ಬು ಎತ್ತಲಿಲ್ಲ, ಇಳಿಸಲಿಲ್ಲ, ಮೊಮ್ಮಗನ ಬೋಳು ತಲೆಗೆ ಗಂಧ ಮೆತ್ತುತ್ತಿದ್ದರು. ಅವತ್ತು ರಾತ್ರಿ ಊಟವಾದ ಮೇಲೆ ಹರಳೆಣ್ಣೆ ಬಿಸಿ ಮಾಡಿಕೊಂಡು ಅವರ ಹತ್ತಿರ ಹೋದೆ. ಮಂಡಿಗೆ ತಿಕ್ಕುತ್ತೇನೆ, ಕಾಲು ಕೊಡಿ ಎಂದೆ.

ಅತ್ತೆ ಕಾಲನ್ನು ಸರಕ್ಕನೆ ಸೀರೆಯೊಳಗೆ ಎಳೆದುಕೊಂಡರು.

"ಬೇಡ ಬಿಡು. ವಾಸಿ ಆಗ್ಬಿಟ್ರೆ ಏನ್ ಮಾಡ್ತೀಯಾ."