ಜೀಪಿಗೆ ಹೊಸ ಎಂಜಿನ್ ಬೇಕೋ ಬೇಡವೋ

ಕೂತರೆ ಕಾಲು ಅಲ್ಲಾಡಿಸುವುದನ್ನು ಬಿಡದ ಆ ಮನುಷ್ಯನಿಗೆ ಗ್ಯಾರೇಜಿನವರು 'ಐಡ್ಲಿಂಗ್' ಎಂದು ಹೆಸರಿಟ್ಟಿದ್ದರು. ಗಾಡಿ ನಿಂತಿದ್ದರೂ ಒಳಗೆ ಎಂಜಿನ್ ಗುಟುರು ಹಾಕುತ್ತಲೇ ಇರುತ್ತದಲ್ಲ, ಹಾಗೆ. ಟೀ ಅಂಗಡಿಯ ಬೆಂಚಿನ ಒಂದು ತುದಿಗೆ ಅವನು ಬಂದು ಕೂತರೆ ಇನ್ನೊಂದು ತುದಿಯವರು ಲೋಟವನ್ನು ಕೆಳಗಿಡದೆ ಕೈಯಲ್ಲೇ ಹಿಡಿದುಕೊಳ್ಳುತ್ತಿದ್ದರು.

ಊರಿನ ಹೊರಗಿನ ಗುಡ್ಡವೇ ಅವನ ಅನ್ನ. ಅದರ ನೆತ್ತಿಯಲ್ಲಿ ಮೊಬೈಲ್ ಟವರ್‌ಗಳಿದ್ದವು. ಅವುಗಳ ಜನರೇಟರಿಗೆ ಡೀಸೆಲ್ ಡ್ರಮ್ಮು, ಅಲ್ಲಿನ ಕಾವಲುಗಾರರಿಗೆ ನೀರು, ದಿನಸಿ, ಎಲ್ಲವನ್ನೂ ನಾಲ್ಕೂ ಚಕ್ರ ಎಳೆಯುವ ತನ್ನ ಹಳೆಯ ಫೋರ್‌ವೀಲ್ ಜೀಪಿನಲ್ಲಿ ಏರಿಸುವುದು ಅವನ ಕಸುಬು. ಮದುವೆಯ ಮಾತುಕತೆಯಲ್ಲಿ ಅವನ ಕಡೆಯವರು "ಹುಡುಗನಿಗೆ ಮೇಲಿನ ಕೆಲಸ" ಎಂದಿದ್ದರಂತೆ. ದೊಡ್ಡ ಅಧಿಕಾರಿ ಇರಬೇಕೆಂದು ಒಪ್ಪಿದೆ ಎಂದು ಹೆಂಡತಿ ಈಗಲೂ ಹೇಳಿಕೊಂಡು ನಗುತ್ತಾಳೆ.

ಆ ಕೆಲಸಕ್ಕೇ ಈಗ ಕುತ್ತು ಬಂದಿತ್ತು. ಕೆಲವು ತಿಂಗಳಿಂದ ಜೀಪು ಕೊನೆಯ ತಿರುವಿನಲ್ಲಿ ಏದುಸಿರು ಬಿಡುತ್ತಿತ್ತು. ಲೋಡು ತುಂಬಿದ್ದರೆ ಗಕ್ಕನೆ ನಿಂತೇಬಿಡುತ್ತಿತ್ತು. ಅರ್ಧ ಡ್ರಮ್ಮುಗಳನ್ನು ಅಲ್ಲೇ ಇಳಿಸಿ, ಉಳಿದರ್ಧವನ್ನು ಮೇಲೆ ಮುಟ್ಟಿಸಿ, ಮತ್ತೆ ಬಂದು ಒಯ್ಯಬೇಕು. ಹೀಗೆ ತಿರುವಿನಲ್ಲಿ ಹೇಳುವವರು ಕೇಳುವವರಿಲ್ಲದೆ ನಿಂತಿದ್ದ ಡ್ರಮ್ಮುಗಳು ಒಂದು ದಿನ ಟವರಿನ ಸೂಪರ್‌ವೈಸರ್ ಕಣ್ಣಿಗೆ ಬಿದ್ದವು.

"ಏನ್ರೀ ಇದು, ರಸ್ತೆ ಪಕ್ಕ ಅಂಗಡಿ ಇಟ್ಟಿದ್ದೀರಾ? ಮುಂದಿನ ವಾರ ನಾನೇ ಮೇಲೆ ನಿಂತು ನೋಡ್ತೀನಿ. ಪೂರ್ತಿ ಲೋಡು ಒಂದೇ ಸಲಕ್ಕೆ ಬರಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿ, ಹೊಸ ಪಿಕಪ್ ತಗೊಂಡಿರೋರು ದಿನಾ ಫೋನ್ ಮಾಡ್ತಿದ್ದಾರೆ."

"ಆಗುತ್ತೆ ಸಾರ್" ಎಂದುಬಿಟ್ಟ. ಹೇಗೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಗ್ಯಾರೇಜಿನಲ್ಲಿ ಒಂದು ಟರ್ಬೊ ಡೀಸೆಲ್ ಎಂಜಿನ್ ಇತ್ತು. ಎಲ್ಲೋ ಗುದ್ದಿ ನಜ್ಜುಗುಜ್ಜಾದ ದೊಡ್ಡ ಗಾಡಿಯಿಂದ ಬಿಚ್ಚಿ ತಂದದ್ದು. ಹೆಂಡತಿಯ ತಮ್ಮ, ಬಿಡಿಭಾಗಗಳ ಅಂಗಡಿ ಇಟ್ಟಿದ್ದವನು, ಅದರ ಸುತ್ತ ಒಂದು ಸುತ್ತು ಹಾಕಿ, ಎಮ್ಮೆಯ ಬೆನ್ನು ಸವರಿದಂತೆ ಸವರಿದ.

"ಭಾವ, ಇದನ್ನ ಹಾಕ್ಸಿ ನೋಡಿ. ನೀವು ಗುಡ್ಡ ಹತ್ತೋದೇನು, ಗುಡ್ಡಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ."

ಆ ಮಾತಿನಲ್ಲಿ ಪ್ರೀತಿಯೂ ಇತ್ತು, ಕಮಿಷನ್ನೂ ಇತ್ತು. ಎರಡನ್ನೂ ಬೇರೆ ಮಾಡಿ ತೂಗುವ ತಕ್ಕಡಿಯನ್ನು ಇನ್ನೂ ಯಾರೂ ಮಾಡಿಲ್ಲ.

"ಎಂಜಿನ್ ಏನೋ ಕೂರುತ್ತಪ್ಪ," ಎಂದ ವಯಸ್ಸಾದ ಮೇಸ್ತ್ರಿ, ಕೈಯ ಗ್ರೀಸನ್ನು ಇನ್ನೂ ಕೊಳಕಾದ ಬಟ್ಟೆಗೆ ಒರೆಸುತ್ತ. "ಕೂತ ಮೇಲೆ ಹಳೇ ಕ್ಲಚ್ ಜಾರುತ್ತೆ. ಅದು ಹೊಸದು ಬೇಕು. ರೇಡಿಯೇಟರ್ ಸಾಲಲ್ಲ. ಎಳೆಯೋ ಶಕ್ತಿ ಹೆಚ್ಚಾದ್ರೆ ನಿಲ್ಲಿಸೋದೂ ಹೆಚ್ಚಾಗಬೇಕಲ್ಲ, ಬ್ರೇಕು. ದಾಖಲೆಯಲ್ಲಿ ಎಂಜಿನ್ ನಂಬರ್ ಬದಲಾಯಿಸಬೇಕು, ಅದಕ್ಕೆ ನಾಲ್ಕು ಸಲ ಓಡಾಟ."

"ಗೇರ್‌ಬಾಕ್ಸ್?"

"ತಡೆದ್ರೆ ತಡೀತು."

"ತಡೀಲಿಲ್ಲ ಅಂದ್ರೆ?"

"ಆಗ ಮತ್ತೆ ಬಾ. ನಾನೆಲ್ಲಿ ಹೋಗ್ತೀನಿ?"

ಅಂದಿನಿಂದ ಐಡ್ಲಿಂಗಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹೊಲಿಗೆ ಕೆಲಸ ಮಾಡುವ ಹೆಂಡತಿಯ ಸೀಮೆಸುಣ್ಣ ಕದ್ದು ಜೀಪಿನ ಬಾನೆಟ್ ಮೇಲೆ ಲೆಕ್ಕ ಬರೆದ. ಒಂದೇ ಸಲಕ್ಕೆ ಲೋಡು ಹೋದರೆ ಅರ್ಧ ದಿನ ಉಳಿಯುತ್ತದೆ, ಆ ಅರ್ಧ ದಿನಕ್ಕೆ ಬೇರೆ ಬಾಡಿಗೆ. ಎರಡನೇ ಓಡಾಟದ ಡೀಸೆಲ್ ಉಳಿಯುತ್ತದೆ. ಕೆಲಸವೇ ಉಳಿಯುತ್ತದೆ. ಇತ್ತ ಕಡೆ ಎಂಜಿನ್ನಿನ ಬೆಲೆ ಒಂದು ಪಾಲಾದರೆ ಅದರ ಬಾಲ ಹಿಡಿದು ಬರುವ ಸಾಮಾನಿನದು ಒಂದೂವರೆ ಪಾಲು. ತೋಳಿನಿಂದ ಒರೆಸಿ ಮತ್ತೆ ಬರೆದ. ಅಂಗಿಯ ತೋಳು ಬೆಳ್ಳಗಾಯಿತೇ ಹೊರತು ಉತ್ತರ ಬದಲಾಗಲಿಲ್ಲ. ಸಂತೆಯಲ್ಲಿ ದನದ ಬಾಯಿ ಬಿಡಿಸಿ ಹಲ್ಲು ನೋಡುವವನೂ ಇಷ್ಟು ಸಲ ನೋಡಲಾರ. ದಿನವೂ ಗ್ಯಾರೇಜಿಗೆ ಹೋಗಿ ಆ ಎಂಜಿನ್ನಿನ ಮುಚ್ಚಳ ತೆಗೆದು, ಇಣುಕಿ, ಮುಚ್ಚಿ ಬರುತ್ತಿದ್ದ.

ಒಂದು ಮಧ್ಯಾಹ್ನ ಹೆಂಡತಿ ಶಾಲಾ ಚೀಲದ ದಪ್ಪ ಬಟ್ಟೆ ಹೊಲಿಯುತ್ತಿದ್ದಳು. ಅವನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ.

"ಒಂದ್ಕಡೆ ನಿಲ್ರೀ. ನಿಮ್ಮ ನೆರಳು ಬಟ್ಟೆ ಮೇಲೆ ಓಡಾಡ್ತಿದೆ, ಹೊಲಿಗೆ ಎಲ್ಲಿ ಹಾಕ್ಲಿ?"

"ನಿನಗೇನು ಗೊತ್ತು ನನ್ನ ಕಷ್ಟ. ಎಂಜಿನ್ನಿಗೆ ವಯಸ್ಸಾಯ್ತು."

"ಹೋದ ವರ್ಷ ಇದೇ ಲೋಡು ಹತ್ತುತ್ತಿತ್ತಲ್ಲ? ಒಂದೇ ಸಲಕ್ಕೆ ಮುದಿಯಾಯ್ತಾ?" ಅವಳು ಮೆಷಿನ್ ನಿಲ್ಲಿಸಿದಳು. "ಆ ದೊಡ್ಡ ಚಕ್ರ ಹಾಕ್ಸಿದ ಮೇಲೆ ತಾನೇ ಶುರುವಾಗಿದ್ದು?"

ಅವನು ಕಿಟಕಿಯಾಚೆ ನಿಂತಿದ್ದ ಜೀಪಿನತ್ತ ನೋಡಿದ. ಎತ್ತರದ, ದಪ್ಪ ಹಲ್ಲಿನ ಆ ಟೈರುಗಳನ್ನು ಹಾಕಿಸಿದ ದಿನ ಬೀದಿಯ ಮಕ್ಕಳೆಲ್ಲ ಜೀಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದರು. ಅವನೂ ತೆಗೆಸಿಕೊಂಡಿದ್ದ.

"ನನ್ನ ತಮ್ಮ ಈ ಹೊಲಿಗೆ ಮೆಷಿನ್ನಿನ ಮೋಟರಿಗೆ ಬೆಲ್ಟಿನ ಗಾಲಿ, ದೊಡ್ಡ ಪುಲ್ಲಿ ತಂದು ಹಾಕಿದ್ನಲ್ಲ, ಬೇಗ ಓಡುತ್ತೆ ಅಕ್ಕ ಅಂತ. ತೆಳು ಬಟ್ಟೆ ಮೇಲೆ ಕುದುರೆ ಥರ ಓಡ್ತು. ಇಂಥ ಬಟ್ಟೆ ಇಟ್ಟರೆ ಗುಂಯ್ ಅಂತ ನಿಂತುಬಿಡೋದು. ನಾನೇನು ಮೋಟರ್ ಬದಲಾಯಿಸಿದ್ನಾ? ಪುಲ್ಲಿ ಕಿತ್ತು ಹಳೇ ಚಿಕ್ಕದನ್ನೇ ಹಾಕ್ದೆ."

"ಚೀಲಕ್ಕೂ ಗುಡ್ಡಕ್ಕೂ ಏನು ಸಂಬಂಧ!" ಎಂದು ಸಿಡುಕಿದವನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಗ್ಯಾರೇಜಿಗೆ ಹೊರಟ.

ಚಕ್ರದ ಮಾತನ್ನು ಮೇಸ್ತ್ರಿ ಕೇಳಿಸಿಕೊಂಡು ತಲೆಯಾಡಿಸಿದ. "ಹೌದು. ಚಕ್ರ ದೊಡ್ಡದಾದಷ್ಟೂ ಎಳೆತ ಕಮ್ಮಿ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀನು ಎಂಜಿನ್ ಕೇಳ್ದೆ, ನಾನು ಎಂಜಿನ್ ವಿಷಯ ಹೇಳ್ದೆ. ಚಕ್ರ ಕೇಳಿದ್ರೆ ಚಕ್ರದ ವಿಷಯ ಹೇಳ್ತಿದ್ದೆ. ನಿನ್ನ ಆಸೆಗೆ ಅಡ್ಡ ಬರೋಕೆ ನಾನ್ಯಾರಪ್ಪ?"

ವ್ಯಾಪಾರ ಬಲ್ಲವನ ಮಾತು. ಸಿಟ್ಟು ಮಾಡಿಕೊಳ್ಳಲು ಎಲ್ಲೂ ಹಿಡಿ ಸಿಗಲಿಲ್ಲ.

ಎಂಜಿನ್ನಿಗೆ ಹಣ ಸುರಿಯುವುದು ಅವನಿಗೆ ಕಷ್ಟ ಅನ್ನಿಸಿರಲಿಲ್ಲ; ಟೈರು ಬಿಚ್ಚಿಸುವುದು ಕಷ್ಟವಾಯಿತು. ಟೈರಿನಂಗಡಿಯವನು ದೊಡ್ಡವನ್ನು ಅರ್ಧ ಬೆಲೆಗೆ ಹಿಂದಕ್ಕೆ ತೆಗೆದುಕೊಂಡು ಮೊದಲಿನ ಅಳತೆಯವನ್ನು ಹಾಕಿಕೊಟ್ಟ. ಜ್ಯಾಕಿನಿಂದ ಇಳಿದಾಗ ಜೀಪು ಕ್ಷೌರ ಮಾಡಿಸಿಕೊಂಡ ಕರಡಿಯಂತೆ ಕಂಡಿತು. ಮನೆಗೆ ಹಿತ್ತಲ ರಸ್ತೆಯಿಂದ ಬಂದ.

ಲೋಡು ಏರಿಸುವ ದಿನ ಹೆಂಡತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು.

"ನೀನ್ಯಾಕೆ?"

"ನನ್ನ ಮಾತು ಕೇಳಿ ಗಾಡಿ ನಿಂತುಹೋದ್ರೆ ಬೈಸ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

ಮೊದಲ ತಿರುವುಗಳು ಸಲೀಸಾಗಿ ಕಳೆದವು. ಅವನಿಗೆ ಸಮಾಧಾನವಿಲ್ಲ. ಕನ್ನಡಿ ನೋಡಿದ, ಹಿಂದಿನ ಹಗ್ಗ ನೋಡಿದ, ಹೊಗೆಯ ಬಣ್ಣ ನೋಡಿದ. ಕೊನೆಯ ತಿರುವಿಗೆ ಮುನ್ನ ಫೋರ್‌ವೀಲಿನ ಲೋ ಗೇರಿಗೆ ಹಾಕಿದ. ಜೀಪು ಗುರುಗುಟ್ಟಿತು, ಬಾಗಿತು, ಹಿಂದಿನ ಒಂದು ಚಕ್ರ ಜಲ್ಲಿಯ ಮೇಲೆ ಜಾರಿ ಡ್ರಮ್ಮುಗಳು ಒಂದಕ್ಕೊಂದು ಢಣ್ ಎಂದವು. ಹೆಂಡತಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ಇಲ್ಲೇ ನಿಲ್ಲುತ್ತದೆ ಎಂದು ಅವನ ಕಾಲು ಆಗಲೇ ಬ್ರೇಕಿನತ್ತ ಹೊರಟಿತ್ತು. ಚಕ್ರ ನೆಲ ಕಚ್ಚಿತು. ಆಮೆಯ ಹಾಗೆ, ಆದರೆ ನಿಲ್ಲದೆ, ಜೀಪು ತಿರುವು ದಾಟಿತು.

ಮೇಲೆ ಸೂಪರ್‌ವೈಸರ್ ಡ್ರಮ್ಮುಗಳನ್ನು ಬೆರಳಿಂದ ಬಡಿದು ನೋಡಿದ. ತುಂಬಿದ್ದವು.

"ಸರಿ ಕಣ್ರೀ, ಕೆಲಸ ನಿಮ್ಮದೇ. ಪಿಕಪ್‌ನವರಿಗೆ ಬೇಡ ಅಂತೀನಿ. ಆದ್ರೆ ನೋಡಿ, ಇಲ್ಲಿಗೆ ದೊಡ್ಡ ಜನರೇಟರ್ ಬರೋದಿದೆ. ಆಗ ಡ್ರಮ್ಮೂ ಜಾಸ್ತಿ ಆಗುತ್ತೆ."

"ಆಗುತ್ತೆ ಸಾರ್" ಎಂದ ಇವನು.

ಇಳಿಯುವಾಗ ಹೆಂಡತಿ ಹಗುರಾಗಿ ಕೂತಿದ್ದಳು. ಅವನು ಮಾತ್ರ ಸ್ಟೇರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದ.

"ಎಷ್ಟು ಜಾಸ್ತಿ ಅಂತ ಕೇಳಬೇಕಿತ್ತು."

"ಬಂದಾಗ ನೋಡಿದ್ರಾಯ್ತು."

"ಆ ಟರ್ಬೊ ಅಷ್ಟು ದಿನ ಮಾರಾಟವಾಗದೆ ಇರುತ್ತಾ? ಈ ಚಕ್ರಕ್ಕೆ ಆ ಎಂಜಿನ್ ಸೇರಿದ್ರೆ ಹೇಗಿರುತ್ತೆ, ಯೋಚನೆ ಮಾಡು."

"ಮೊದಲು ಗುಡ್ಡ ಇಳೀರಿ."

ಗುಡ್ಡವೇನೋ ಇಳಿದಾಯಿತು. ಗ್ಯಾರೇಜಿನ ಹತ್ತಿರ ಬರುತ್ತಲೇ ಜೀಪು ತಾನಾಗಿ ನಿಧಾನವಾಯಿತು. ಮೇಸ್ತ್ರಿ ಯಾವುದೋ ಗಾಡಿಯ ಅಡಿಯಿಂದ ತಲೆ ಹೊರಗೆ ಹಾಕಿದ.

"ಇಲ್ಲಿ ನಿಲ್ಲಿಸಿದ್ರೆ ನಾನು ಇಳಿದು ನಡ್ಕೊಂಡು ಹೋಗ್ತೀನಿ," ಎಂದಳು ಹೆಂಡತಿ.

ಅವನು ನಿಲ್ಲಿಸಲಿಲ್ಲ. ಆ ಎಂಜಿನ್ನಿನ ಬೆಲೆ ಏನಾದರೂ ಇಳಿಯಿತೇ ಎಂದು ಓಡುತ್ತಿದ್ದ ಜೀಪಿನಿಂದಲೇ ಕತ್ತು ಹೊರಗೆ ಹಾಕಿ ಕೂಗಿ ಕೇಳಿದ.