ಕಿನ್ನಾಳ ರಸ್ತೆಯಲ್ಲಿ ರೇಡಿಯೋ ಕಟ್ಟಿಕೊಂಡು ಓಡಿದವರು

ಎದೆಗೆ ರೇಡಿಯೋ ಕಟ್ಟಿಕೊಂಡು ಓಡುವ ಮನುಷ್ಯನನ್ನು ನಾನು ಮೊದಲು ನೋಡಿದ್ದು ಬಸ್ಸಿನ ಕಿಟಕಿಯಿಂದ. ನನ್ನ ಹೆಂಡತಿಯ ತವರು ಕುಷ್ಟಗಿ. ಅಲ್ಲಿಂದ ಕೊಪ್ಪಳಕ್ಕೆ ಬರುವ ಬೆಳಗಿನ ಬಸ್ಸು ಊರು ದಾಟುತ್ತಿದ್ದಂತೆ, ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಗಟ್ಟಿಮುಟ್ಟಾದ ಆಳೊಬ್ಬರು ಬರಿಗಾಲಲ್ಲಿ ಓಡುತ್ತಿದ್ದರು. ಟವೆಲ್ಲಿನಿಂದ ಎದೆಗೆ ಬಿಗಿದಿದ್ದ ಸಣ್ಣ ಟ್ರಾನ್ಸಿಸ್ಟರಿನಲ್ಲಿ ಭಕ್ತಿಗೀತೆ ಬರುತ್ತಿತ್ತು. ಬಸ್ಸಿನಲ್ಲಿದ್ದವರು ನಕ್ಕರು. ಕಂಡಕ್ಟರ್ ಮಾತ್ರ ನಗಲಿಲ್ಲ. ಅವರು ರಸ್ತೆ ಗ್ಯಾಂಗಿನಲ್ಲಿ ಕೆಲಸ ಮಾಡುವವರು, ದಿನಾ ಹೀಗೇ ಓಡುತ್ತಾರೆ ಎಂದಷ್ಟೇ ಹೇಳಿ ಟಿಕೆಟ್ ಹರಿಯತೊಡಗಿದ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೊಪ್ಪಳದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಊರಿನ ಯುವಕರ ಸಂಘವೊಂದು ಸಂಕ್ರಾಂತಿ ಕಳೆದ ಮೇಲೆ ಓಟದ ಸ್ಪರ್ಧೆ ಇಡುತ್ತಿತ್ತು. ಕೊಪ್ಪಳದ ಮೈದಾನದಿಂದ ಹೊರಟು ಕಿನ್ನಾಳ ಮುಟ್ಟಿ ಮತ್ತೆ ಅದೇ ಮೈದಾನಕ್ಕೆ ಬರಬೇಕು. ಯಾರು ಬೇಕಾದರೂ ಓಡಬಹುದಿತ್ತು. ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರು ಬರುತ್ತಿದ್ದರು, ಯಲಬುರ್ಗಾ ಕಡೆಯ ರೈತರ ಮಕ್ಕಳು ಬರುತ್ತಿದ್ದರು. ಕಾಲಿಗೆ ಬೂಟು ಇದ್ದವರು ಒಬ್ಬಿಬ್ಬರು. ಸೀಟಿ ಊದುವುದು, ಸೈಕಲ್ ಮೇಲೆ ಹಿಂಬಾಲಿಸುವುದು, ಜಗಳ ಬಂದರೆ ತೀರ್ಮಾನ ಹೇಳುವುದು ನನ್ನ ಪಾಲಿಗೆ ಬಂದಿತ್ತು.

ಆ ವರ್ಷದ ಓಟಕ್ಕೆ, ಬಸ್ಸಿನಿಂದ ನಾನು ನೋಡಿದ್ದ ಕುಷ್ಟಗಿಯ ಆ ಗ್ಯಾಂಗಿನವರೂ ಬಂದರು. ಎದೆಯ ಮೇಲೆ ರೇಡಿಯೋ ಇತ್ತು. ನಾನು ಏನೂ ಅನ್ನಲಿಲ್ಲ. ಬೇಡ ಅನ್ನಬಹುದಾದ ಸಂಗತಿ ಅದು ಅಂತ ನನಗೆ ಹೊಳೆಯಲೇ ಇಲ್ಲ. ಓಟದ ಉದ್ದಕ್ಕೂ ಅದು ಹಾಡಿತು, ನಡುವೆ ವಾರ್ತೆ ಓದಿತು, ಆಮೇಲೆ ಬೀಜ ಗೊಬ್ಬರದ ಮಾತಾಡಿತು. ರಸ್ತೆಬದಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕುಷ್ಟಗಿಯವರು ಯಾರ ಕಡೆಗೂ ನೋಡದೆ ಓಡಿ, ಎಲ್ಲರ ನಡುವೆ ಎಲ್ಲೋ ಒಂದು ಕಡೆ ಬಂದು ಮುಟ್ಟಿದರು.

ವಾರ ಕಳೆದಿರಬೇಕು. ಓಟದಲ್ಲಿ ಎರಡನೆಯವನಾಗಿ ಬಂದಿದ್ದ ಹುಡುಗ ಸಾಲೆ ಬಿಡುವ ಹೊತ್ತಿಗೆ ಬಂದು ಗೇಟಿನ ಹತ್ತಿರ ನಿಂತಿದ್ದ. ಅವನು ಭಾಗ್ಯನಗರದ ನೇಕಾರ, ಮದುವೆಯಾಗಿ ಒಂದು ಮಗುವಿದ್ದವನು. ತಗಾದೆ ಮಾಡಲು ಬಂದವನ ಹಾಗೆ ಇರಲಿಲ್ಲ. ಬಹಳ ಹೊತ್ತು ಆ ಮಾತು ಈ ಮಾತು ಆಡಿ, ಕೊನೆಗೆ ರೇಡಿಯೋ ವಿಷಯ ತೆಗೆದ. ಹೋಗುವಾಗ ಅರ್ಧ ದಾರಿ ಆ ಮನುಷ್ಯ ಅವನ ಬೆನ್ನಿಗೇ ಇದ್ದರಂತೆ. ನಾನು, ಹಾಡು ಕೇಳಿದರೆ ಕಾಲಿಗೆ ಹುರುಪು ಬರುತ್ತದೆ, ಅವರಿಗೊಬ್ಬರಿಗೇ ಆ ಅನುಕೂಲ ಸಿಕ್ಕಿತು ಅನ್ನುವುದು ನಿನ್ನ ತಕರಾರೇನು ಎಂದು ಕೇಳಿದೆ. ಅವನು ತಲೆಯಾಡಿಸಿದ.

"ಅದಲ್ಲರಿ ಸರ. ನಮ್ಮನಿ ತುಂಬ ಮಗ್ಗ ಅದಾವರಿ. ನಸುಕಿನ್ಯಾಗ ಶುರುವಾದ ಸಪ್ಪಳ ದೀಪ ಹಚ್ಚೋ ಮಟ ನಿಂದ್ರೂದಿಲ್ಲ. ನನಗ ಸುಮ್ಮನ ಇರೋ ಜಾಗಾ ಅಂದ್ರ ಓಟ ಒಂದರಿ. ನನ್ನ ಉಸಿರು ನನಗ ಕೇಳಸ್ತೈತಿ. ಅಲ್ಲೂ ಸಪ್ಪಳ ಬಂದ್ರ ನಾ ಎಲ್ಲಿಗೆ ಹೋಗ್ಲಿ?"

ಮುಂದಿನ ಸಲದ ಹೊತ್ತಿಗೆ ನೋಡೋಣ ಎಂದು ಕಳಿಸಿದೆ.

ಮುಂದಿನ ಚಳಿಗಾಲ ಬಂತು. ಸಂಘದವರ ಮುಂದೆ ನಾನೇ ಆ ಮಾತು ಇಟ್ಟೆ. ಒಬ್ಬರು, ಪಾಪ ಬಡವ, ಹಾಡು ಕೇಳಿದರೆ ಯಾರ ಗಂಟೇನು ಹೋಗುತ್ತದೆ ಅಂದರು. ಇನ್ನೊಬ್ಬರು, ಇವತ್ತು ರೇಡಿಯೋ ಬಿಟ್ಟರೆ ನಾಳೆ ಮತ್ತೊಬ್ಬ ಬ್ಯಾಂಡ್ ಸೆಟ್ಟಿನವರನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಾನೆ ಅಂದರು. ಮೂರನೆಯವರು ಲಾರಿಗಳ ಮಾತು ತೆಗೆದರು. ಸುಗ್ಗಿಯ ದಿನಗಳಲ್ಲಿ ರಸ್ತೆಯಲ್ಲಿ ಲಾರಿ ಓಡಾಟ ಹೆಚ್ಚು, ಹಾಡಿನ ಗುಂಗಿನಲ್ಲಿ ಹಾರ್ನ್ ಕೇಳದೆ ಹೋದರೆ ಏನು ಗತಿ ಎಂದು. ಮೂವರ ಮಾತೂ ನನಗೆ ಸರಿ ಅನಿಸಿತು. ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಆ ನೇಕಾರನ ಮಾತು. ಓಟ ಎಲ್ಲರದು, ರಸ್ತೆ ಎಲ್ಲರದು, ಒಬ್ಬರ ಹಾಡು ಮತ್ತೊಬ್ಬರ ಕಿವಿಗೆ ಬೀಳಬಾರದು ಎಂದೆ. ರೇಡಿಯೋ ಬೇಡ ಅಂತ ತೀರ್ಮಾನವಾಯಿತು. ಹೇಳುವ ಕೆಲಸವೂ ನನ್ನದೇ ಆಯಿತು.

ಹೆಂಡತಿಯನ್ನು ತವರಿಗೆ ಬಿಡಲು ಹೋದಾಗ ರೇಡಿಯೋದವರನ್ನು ಹುಡುಕಿಕೊಂಡು ಹೋದೆ. ಊರ ಹೊರಗೆ ಡಾಂಬರು ಹಾಕುವ ಕೆಲಸ ನಡೆದಿತ್ತು. ಅವರು ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ನನ್ನನ್ನು ಗುರುತು ಹಿಡಿದು, ಬರ್ರಿ ಸರ, ಒಂದು ರೊಟ್ಟಿ ತಿನ್ರಿ ಎಂದು ಕರೆದರು. ರೊಟ್ಟಿ, ಪುಂಡಿಪಲ್ಯ ಕೈಗಿಟ್ಟರು. ತಿನ್ನುತ್ತಲೇ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಸಣ್ಣಗೆ ಹಾಡುತ್ತಿದ್ದ ರೇಡಿಯೋವನ್ನು ಒಮ್ಮೆ ಮುಟ್ಟಿ ನೋಡಿ, ಹಾಗಾದರೆ ನಾನು ಬರುವುದಿಲ್ಲ ಎಂದರು. ಯಾಕೆ ಎಂದು ಕೇಳಿದೆ. ಹಾಡಿಲ್ಲದಿದ್ದರೆ ಕಾಲು ಏಳುವುದಿಲ್ಲವೇ ಎಂದೆ.

ಅವರು ಬುತ್ತಿಯ ಗಂಟು ಕಟ್ಟಿ ಪಕ್ಕಕ್ಕಿಟ್ಟರು. ಆಮೇಲೆ ನಿಧಾನಕ್ಕೆ ಹೇಳಿದರು. ಹೆಂಡತಿಗೆ ಕ್ಷಯ ಆಗಿತ್ತು. ಒಂದೇ ಕೋಣೆಯ ಮನೆ. ಕೆಮ್ಮು ಹಗಲು ಇರುಳು ಬಿಡುತ್ತಿರಲಿಲ್ಲ. ದವಾಖಾನೆಯಿಂದ ಕರೆದುಕೊಂಡು ಬಂದ ಮೇಲೆ ಒಂದು ಬೆಳಗ್ಗೆ ಕೆಮ್ಮು ನಿಂತಿತು, ಆಕೆಯೂ ಹೋದಳು. ಮಕ್ಕಳಿರಲಿಲ್ಲ. ಓಡುವುದು ಅವರಿಗೆ ಸಣ್ಣಂದಿನಿಂದ ಇದ್ದ ಹವ್ಯಾಸ, ಮಣ್ಣು ಮಾಡಿ ಬಂದ ಮೇಲೂ ಅದನ್ನು ಬಿಡಲಿಲ್ಲ.

"ಒಬ್ಬಾವ್ನ ಓಡುವಾಗ ಉಸಿರು ಏರತೈತಲ್ರಿ, ಆ ಸಪ್ಪಳದಾಗ ಆಕಿ ಕೆಮ್ಮು ಕೇಳಸ್ತೈತಿ. ಹಿಂದ ಹೊಳ್ಳಿ ನೋಡ್ತೀನಿ, ಯಾರೂ ಇರೂದಿಲ್ಲ. ಅದಕ್ಕ ರೇಡಿಯೋ ಕಟಗೊಂತೀನಿ."

ನಾನು ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದು ಕೂತೆ. ನೇಕಾರ ತನ್ನ ಉಸಿರು ಕೇಳಿಸಲಿ ಎಂದು ಓಡುತ್ತಿದ್ದ. ಇವರು ತಮ್ಮ ಉಸಿರು ಕೇಳಿಸದಿರಲಿ ಎಂದು ಓಡುತ್ತಿದ್ದರು. ಇಬ್ಬರಿಗೂ ಒಂದೇ ರಸ್ತೆ. ತೀರ್ಮಾನ ಬದಲಿಸುತ್ತೇನೆ ಎನ್ನಲು ಬಾಯಿ ತೆರೆದೆ. ಆದರೆ ಹೇಳಲಾಗಲಿಲ್ಲ. ನೇಕಾರನಿಗೂ ಮಾತು ಕೊಟ್ಟಂತಾಗಿತ್ತು. ನೀವು ಬರ್ರಿ, ನಾನು ಸೈಕಲ್ ಮೇಲೆ ನಿಮ್ಮ ಹಿಂದೆಯೇ ಇರುತ್ತೇನೆ ಎಂದಷ್ಟೇ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲೂ ಇಲ್ಲ.

ಓಟದ ದಿನ ಅವರು ಬಂದರು. ರೇಡಿಯೋ ಇರಲಿಲ್ಲ. ಎದೆಯ ಮೇಲೆ ಟವೆಲ್ ಮಾತ್ರ ಕಟ್ಟಿಕೊಂಡಿದ್ದರು. ನೇಕಾರ ಅವರನ್ನು ನೋಡಿ ಸಮಾಧಾನದಿಂದ ಕೈಮುಗಿದ. ಅವರ ಕಥೆ ನಾನು ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಓಡುವುದನ್ನೇ ಬಿಟ್ಟಾನು ಎಂದು ಅಂಜಿದ್ದೆ.

ಸೀಟಿ ಊದಿದೆ. ಊರು ದಾಟುವವರೆಗೆ ಜನರ ಗದ್ದಲವಿತ್ತು. ಬಯಲಿಗೆ ಬಿದ್ದ ಮೇಲೆ ಕಾಲಿನ ಸಪ್ಪಳ, ಉಸಿರಿನ ಸಪ್ಪಳ ಎರಡೇ. ಕಿನ್ನಾಳ ಇನ್ನೂ ದೂರವಿರುವಾಗಲೇ ಅವರು ಹಿಂದೆ ಬಿದ್ದರು. ಎರಡು ಮೂರು ಸಲ ಹಿಂದಕ್ಕೆ ತಿರುಗಿ ನೋಡಿದರು. ನಾನಿದ್ದೇನೆ ಎಂದು ಕೂಗಿದೆ. ಅವರು ನೋಡುತ್ತಿದ್ದುದು ನನ್ನನ್ನಲ್ಲ. ಒಂದು ಹಳ್ಳದ ಸೇತುವೆ ಬಂದಾಗ ಓಟ ನಿಲ್ಲಿಸಿ, ಅದರ ಕಟ್ಟೆಯ ಮೇಲೆ ಕೂತುಬಿಟ್ಟರು. ಸೈಕಲ್ ನಿಲ್ಲಿಸಿ ನಾನೂ ಪಕ್ಕದಲ್ಲಿ ಕೂತೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಕಿನ್ನಾಳ ಮುಟ್ಟಿ ಹೊಳ್ಳಿದ ಓಟಗಾರರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರು. ಎಲ್ಲರಿಗಿಂತ ಮುಂದೆ ನೇಕಾರನಿದ್ದ. ನಮ್ಮನ್ನು ನೋಡಿ ಒಂದು ಹೆಜ್ಜೆ ತಡೆದ, ನಾನು ಕೈ ಬೀಸಿದೆ, ಹೋದ.

ಬಿಸಿಲು ಏರಿತು. ಕೊನೆಯವನೂ ದಾಟಿದ ಮೇಲೆ ಅವರು ಕಣ್ಣು ಬಿಟ್ಟರು. ಕೆನ್ನೆ ತೊಯ್ದಿತ್ತು.

"ಕೆಮ್ಮು ಬಂತರಿ. ಭಾಳ ಹೊತ್ತು ಬಂತು. ಇವತ್ತ ಓಡಿ ಹೋಗಬಾರದಂತ ಕುಂತೆ. ಕೆಮ್ಮಿ ಕೆಮ್ಮಿ ತಾನಾಗಿ ನಿಂತು ಹೋತು. ಆಮ್ಯಾಲ ಆಕಿ ಮಾತು ಕೇಳ್ತು. ಇನ್ನೂ ಉಂಡಿಲ್ಲೇನು, ಅಂದ್ಲು. ಜಡ್ಡು ಬರೂಕಿಂತ ಮೊದಲ ಹಂಗ ಕೇಳತಿದ್ಲು, ಬಾಗಲದಾಗ ನಿಂತು. ಕೆಮ್ಮಿಗೆ ಅಂಜಿ ನಾ ಆ ಮಾತನ್ನೂ ಮುಚ್ಚಿಬಿಟ್ಟಿದ್ದೆ ನೋಡ್ರಿ."

ಇಬ್ಬರೂ ಎದ್ದು ಕೊಪ್ಪಳದ ಕಡೆಗೆ ನಡೆದೆವು. ನಾನು ಸೈಕಲ್ ತಳ್ಳಿಕೊಂಡು ಬಂದೆ. ಊರು ಹತ್ತಿರವಾದಾಗ ನೇಕಾರ ಕೊರಳಿನ ಹಾರವನ್ನು ಕೈಯಲ್ಲಿ ಹಿಡಿದುಕೊಂಡು ಎದುರಿಗೆ ಬಂದ. ಗೆದ್ದಿದ್ದ. ಮೈದಾನದಲ್ಲಿ ಕುಷ್ಟಗಿಯ ಕಡೆಯ ಯಾರೋ ಅವನಿಗೆ ಎಲ್ಲ ಹೇಳಿದ್ದರು. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಅಣ್ಣಾರ, ನನಗ ಗೊತ್ತಿರಲಿಲ್ಲರಿ. ಮುಂದಿನ ಸಲ ರೇಡಿಯೋ ತರ್ರಿ. ನಾ ದೂರ ಓಡ್ತೀನಿ."

"ಬ್ಯಾಡ ತಮ್ಮಾ. ನೀ ಕೇಳಿದ್ದು ಬರೋಬರಿ ಐತಿ," ಎಂದು ಅವರು ಅವನ ಭುಜ ತಟ್ಟಿದರು. ಮೂವರೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ತಿಂದೆವು.

ಆ ಒಂದು ದಿನದಿಂದ ಅವರ ದುಃಖ ತೀರಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಮೇಲೂ ಎಷ್ಟೋ ಸಲ ಕುಷ್ಟಗಿ ರಸ್ತೆಯಲ್ಲಿ ಅವರನ್ನು ನೋಡಿದೆ. ಕೆಲವು ದಿನ ಎದೆಯ ಮೇಲೆ ಹಾಡು ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಮನಸ್ಸು ತಡೆದಷ್ಟು ದಿನ ಸುಮ್ಮನೆ ಓಡುತ್ತೇನೆ, ತಡೆಯದ ದಿನ ಹಚ್ಚಿಕೊಳ್ಳುತ್ತೇನೆ ಎಂದು ಅವರೇ ಹೇಳಿದ್ದರು. ಅದು ಅವರ ಸ್ವಂತ ಓಟ, ಅದಕ್ಕೆ ಬೇಡ ಅನ್ನಲು ನಾನು ಯಾರು?

ಸ್ಪರ್ಧೆಯ ಮಾತು ಬೇರೆ ಎಂದು ನಾನು ನಂಬಿದೆ. ದಶಕದ ಕೊನೆಗೆ ಹೊರದೇಶದಿಂದ ತರಿಸಿದ ಪುಟ್ಟ ಟೇಪನ್ನು ಸೊಂಟಕ್ಕೆ ಸಿಕ್ಕಿಸಿ, ಕಿವಿಗೆ ವೈರು ಹಾಕಿಕೊಂಡು ಗಂಗಾವತಿಯ ಕಾಲೇಜು ಹುಡುಗನೊಬ್ಬ ಬಂದ. ಇದರ ಸಪ್ಪಳ ನನ್ನೊಬ್ಬನಿಗೇ ಕೇಳುತ್ತದೆ, ಇನ್ನೇನು ತಕರಾರು ಎಂದು ವಾದಿಸಿದ. ವಾದ ಸರಿಯಾಗೇ ಇತ್ತು. ಆದರೂ ತೆಗೆದಿಡು ಅಂದೆ. ಹಿಂದಿನಿಂದ ಲಾರಿ ಬಂದರೆ, ಪಕ್ಕದವನು ಬಿದ್ದು ಕೂಗಿದರೆ, ಅದು ನಿನಗೂ ಕೇಳಬೇಕಲ್ಲ ಎಂದೆ. ಅವನು ಹಳೇ ಕಾಲದ ಮಾಸ್ತರ ಎಂದು ಗೊಣಗಿ ತೆಗೆದಿಟ್ಟ.

ನೇಕಾರ ಗೆದ್ದ ಮರುವರ್ಷ ತಂದೆಗೆ ಮೈ ನೆಟ್ಟಗಿಲ್ಲವೆಂದು ಓಟಕ್ಕೆ ಬರಲಿಲ್ಲ. ಕುಷ್ಟಗಿಯವರು ಮಾತ್ರ ಬಂದರು, ರೇಡಿಯೋ ಇಲ್ಲದೆಯೇ. ಸೇತುವೆ ದಾಟಿದರು, ಕಿನ್ನಾಳ ಮುಟ್ಟಿದರು, ಎಲ್ಲಿಯೂ ಕೂರಲಿಲ್ಲ. ಮೈದಾನ ಖಾಲಿಯಾಗಿ ಶಾಮಿಯಾನ ಬಿಚ್ಚುವ ಹೊತ್ತಿಗೆ ಬಂದು ಸೇರಿದರು. ನೀರಿನ ತಂಬಿಗೆ ಕೊಟ್ಟೆ. ಗಟಗಟ ಕುಡಿದು, ಮುಖ ಒರೆಸಿಕೊಂಡು, ಭಾಗ್ಯನಗರದ ತಮ್ಮ ಯಾಕೆ ಕಾಣಲಿಲ್ಲ ಎಂದು ಕೇಳಿದರು. ಕಾರಣ ಹೇಳಿದೆ. ಹಾಗಾದರೆ ಅವನ ಮನೆಗೆ ಹೋಗಿ ಅವನ ತಂದೆಯನ್ನು ಮಾತಾಡಿಸಿಕೊಂಡೇ ಬಸ್ಸು ಹತ್ತುತ್ತೇನೆ ಎಂದು, ಟವೆಲ್ ಹೆಗಲಿಗೆ ಹಾಕಿಕೊಂಡು ಭಾಗ್ಯನಗರದ ದಾರಿ ಹಿಡಿದರು.